ಎಂಬತ್ತನಾಲ್ಕನೇ ಪುಟದ ನೀರುನಾಯಿ

ಫೆಬ್ರವರಿ 4

ಇವತ್ತು ನನ್ನ ಮಾನ ಮೂರು ಕಾಸಿಗೆ ಹರಾಜಾಯಿತು. ಅದೂ ಒಂದು ರವಿಕೆಯ ತೋಳಿನಿಂದ.

ಡೈರಿ ಬರೆಯುವ ಚಾಳಿ ನನಗಿಲ್ಲ. ಹೊಸ ವರ್ಷಕ್ಕೆ ಆಫೀಸಿನಲ್ಲಿ ಕೊಟ್ಟ ಈ ಪುಸ್ತಕದ ಮೇಲೆ ಇಷ್ಟು ದಿನ ಟೀ ಲೋಟ ಇಡುತ್ತಿದ್ದೆ. ಆದರೆ ‘ಈ ವಿಷಯ ಯಾರ ಹತ್ತಿರವೂ ಬಾಯಿಬಿಡಬೇಡ’ ಎಂದು ಬಾಸು ತಾಕೀತು ಮಾಡಿದ್ದಾರೆ, ಹೇಳದೆ ಇದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ಈ ಪುಸ್ತಕಕ್ಕಾದರೆ ಬಾಯಿಲ್ಲ. ಇದಕ್ಕೇ ಹೇಳಿಬಿಡುತ್ತೇನೆ.

ಯಾರಾದರೂ ಗುಡ್ಡ ಒಡೆಯಬೇಕು, ಹೊಳೆಗೆ ಅಡ್ಡ ಕಟ್ಟಬೇಕು ಎಂದರೆ, ‘ಇದರಿಂದ ಪರಿಸರಕ್ಕೆ ಏನಾಗುತ್ತದೆ, ವರದಿ ಕೊಡಿ’ ಎಂದು ಸರ್ಕಾರ ಕೇಳುತ್ತದೆ. ಆ ವರದಿ ಬರೆದುಕೊಡುವುದು ನಮ್ಮ ಕಂಪನಿಯ ಕಸುಬು. ಬರೆಯುವುದು ಎಂದರೆ ಸ್ವಲ್ಪ ದೊಡ್ಡ ಮಾತಾಯಿತು. ನನ್ನ ಹತ್ತಿರ ಒಂದು ತಾಯಿ ವರದಿ ಇದೆ. ದೇಶದ ಇನ್ನೊಂದು ತುದಿಯ ಯಾವುದೋ ದೊಡ್ಡ ನದಿಯದು. ಯಾರೋ ಪುಣ್ಯಾತ್ಮ ನಿಜವಾಗಿಯೂ ದಡದಲ್ಲಿ ಕೂತು ಬರೆದದ್ದು. ನಮ್ಮ ವರದಿಗಳೆಲ್ಲ ಅದರ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು. ಹಳೆಯ ಹೆಸರು ತೆಗೆದು ಹೊಸ ಹೆಸರು ಹಾಕು ಎಂದು ಕಂಪ್ಯೂಟರಿಗೆ ಹೇಳಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೂರು ಪುಟ ಸಿದ್ಧ. ಆಫೀಸಿನಲ್ಲಿ ನನ್ನನ್ನು ‘ಕತ್ತರಿ’ ಎಂದು ಕರೆಯುತ್ತಾರೆ. ಬೇಜಾರೇನಿಲ್ಲ. ನನ್ನಷ್ಟು ಬೇಗ ಮುಗಿಸುವವರು ಇನ್ನೊಬ್ಬರಿಲ್ಲ.

ಈ ಸಲದ ಗಿರಾಕಿ ಒಬ್ಬ ಕಲ್ಲು ಸಾಹುಕಾರ. ಒಂದು ಗುಡ್ಡ ಒಡೆದು ಜಲ್ಲಿ ಮಾಡಬೇಕಂತೆ. ಗುಡ್ಡದ ಬುಡದಲ್ಲಿ ಒಂದು ಹಳ್ಳ ಹುಟ್ಟುತ್ತದೆ, ಅದರ ನೀರನ್ನು ಮೂರು ಊರು ಕುಡಿಯುತ್ತವೆ. ಇಂಥದ್ದಕ್ಕೆ ಒಂದು ಅಹವಾಲು ಸಭೆ ಆಗಲೇಬೇಕು. ಮಾಮೂಲಿಯಾಗಿ ಏನಾಗುತ್ತದೆ? ನಾಲ್ಕು ಜನ ಕೂಗುತ್ತಾರೆ, ಹತ್ತು ಜನ ಆಕಳಿಸುತ್ತಾರೆ, ಟೀ ಬರುತ್ತದೆ, ಸಹಿ ಬೀಳುತ್ತದೆ.

ಇವತ್ತು ಒಬ್ಬ ದರ್ಜಿ ಎದ್ದು ನಿಂತ. ಕುತ್ತಿಗೆಯಲ್ಲಿ ಅಳತೆಯ ಟೇಪು, ಕೈಯಲ್ಲಿ ತೋಳಿನ ಆಕಾರಕ್ಕೆ ಕತ್ತರಿಸಿದ ಒಂದು ಕಾಗದ. ನಮ್ಮ ವರದಿಯ ಪ್ರತಿಯನ್ನು ಪಂಚಾಯಿತಿಯಲ್ಲಿ ಇಟ್ಟಿದ್ದೆವಲ್ಲ, ಕಾಗದ ದಪ್ಪಗಿದೆ ಎಂದು ಈತ ರವಿಕೆ ಕಟಿಂಗಿಗೆ ಒಯ್ದಿದ್ದಾನೆ! ತೋಳು ಕತ್ತರಿಸುವಾಗ ಕಣ್ಣಿಗೆ ಬಿದ್ದದ್ದು ಎಂಬತ್ತನಾಲ್ಕನೇ ಪುಟ. ಎಲ್ಲರಿಗೂ ಕೇಳುವಂತೆ ಓದಿದ:

“ಸದರಿ ಹಳ್ಳದಲ್ಲಿ ನೀರುನಾಯಿಗಳ ಎರಡು ಕುಟುಂಬಗಳು ವಾಸವಾಗಿದ್ದು, ಅವುಗಳ ನೆಲೆಗೆ ಯಾವುದೇ ಧಕ್ಕೆ ಬಾರದಂತೆ ಕಂಪನಿಯು ನೋಡಿಕೊಳ್ಳತಕ್ಕದ್ದು.”

ನನ್ನ ಜೀವ ಬಾಯಿಗೆ ಬಂತು. ಹೆಸರು ಬದಲಿಸಿದ್ದೆ, ಪ್ರಾಣಿ ಬದಲಿಸಿರಲಿಲ್ಲ. ನೀರುನಾಯಿ ಎಂದರೆ ಕಾನೂನು ಕಾಪಾಡುವ ಪ್ರಾಣಿ, ಅದು ಇದ್ದ ಕಡೆ ಒಂದು ಕಲ್ಲೂ ಅಲುಗಾಡುವ ಹಾಗಿಲ್ಲ. ಸಭೆಯ ಅಧ್ಯಕ್ಷೆ ಮೇಡಂ ಅಲ್ಲಿಯವರೆಗೆ ಕಡತದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಈಗ ಕನ್ನಡಕ ಏರಿಸಿ ಸಾಹುಕಾರನನ್ನು ಕೇಳಿದರು: “ಹೇಗೆ ನೋಡ್ಕೋತೀರಿ ಇವನ್ನ?”

ಸಾಹುಕಾರ ಎದೆಯ ಮೇಲೆ ಕೈ ಇಟ್ಟುಕೊಂಡ. “ನಾಯಿ ತಾನೆ ಮೇಡಂ? ನಾವೇ ಕಟ್ಟಿಹಾಕಿ ಸಾಕ್ತೀವಿ. ದಿನಾ ಊಟ ಹಾಕ್ತೀವಿ.”

ಕೊನೆಗೆ ಮೇಡಂ ತೀರ್ಮಾನ ಹೇಳಿದರು. ವರದಿ ಬರೆದವರು ಒಂದು ತಿಂಗಳು ಹಳ್ಳದ ಹತ್ತಿರವೇ ಇದ್ದು ನೋಡಬೇಕು. ಮುಂದಿನ ಸಭೆಯಲ್ಲಿ ಎದ್ದು ನಿಂತು ನೀರುನಾಯಿ ಇದೆಯೋ ಇಲ್ಲವೋ ಹೇಳಬೇಕು. ಇದೆ ಎಂದರೆ ಕ್ವಾರಿ ಇಲ್ಲ. ಇಲ್ಲ ಎಂದರೆ ಗುಡ್ಡ ಸಾಹುಕಾರನದು.

ವಾಪಸು ಬರುವಾಗ ಕಾರಿನಲ್ಲಿ ಬಾಸು ಮುಖ ತಿರುಗಿಸದೆ ಹೇಳಿದರು: “ಇದೆ ಅಂತ ಬರೆದವನು ನೀನೇ. ಹೋಗಿ ಕೂತ್ಕೊಂಡು ಇಲ್ಲ ಅಂತ ಹೇಳಿ ಬಾ. ಹೇಳಿದ್ರೆ ಡೆಪ್ಯುಟಿ ಮ್ಯಾನೇಜರ್. ಇಲ್ದಿದ್ರೆ ಅಲ್ಲೇ ಇರು, ನಿನ್ನ ನೀರುನಾಯಿ ಜೊತೆ.”

ಫೆಬ್ರವರಿ 6

ಹೆಂಡತಿಗೆ ಹೇಳದೆ ಇರಲಾಗಲಿಲ್ಲ. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು:

“ಇಲ್ಲದ ಪ್ರಾಣೀನ ಒಂದು ತಿಂಗಳು ನೋಡ್ತೀರಾ? ಕಣ್ಣು ಕಾಣದವರಿಗೆ ನಾನು ಕನ್ನಡಕ ಕೊಡ್ತೀನಿ. ನಿಮಗೆ ಏನು ಕೊಡಲಿ?”

“ಡೆಪ್ಯುಟಿ ಮ್ಯಾನೇಜರ್ ಆದ್ರೆ ಆ ಫ್ಲಾಟ್ ತಗೋಬಹುದು,” ಎಂದೆ.

ಅವಳ ನಗು ನಿಂತಿತು. ನಮ್ಮ ಬಾಡಿಗೆ ಮನೆ ಎರಡನೇ ಮಹಡಿಯಲ್ಲಿದೆ. ನಲ್ಲಿ ಇದೆ, ಅದು ಶೋಭೆಗೆ. ನಾಲ್ಕು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತದೆ. ಬಂದಾಗ ಇಡೀ ಬೀದಿ ಕೊಡ ಹಿಡಿದುಕೊಂಡು ಯುದ್ಧಕ್ಕೆ ಇಳಿಯುತ್ತದೆ. ಕೆಳಗಿನ ಮನೆಯಾಕೆ ನನ್ನ ಹೆಂಡತಿಯ ಡ್ರಮ್ಮನ್ನು ಒದ್ದದ್ದರಿಂದ ಇಬ್ಬರಿಗೂ ಮಾತಿಲ್ಲ. ಆ ಫ್ಲಾಟಿನಲ್ಲಾದರೆ ದಿನವಿಡೀ ನೀರಂತೆ. ಹೆಂಡತಿ ಅದನ್ನು ನೋಡಲು ಹೋದಾಗ ಅಡುಗೆಮನೆಯ ನಲ್ಲಿ ತಿರುಗಿಸಿ, ಸುಮ್ಮನೆ ಹರಿಯುವುದನ್ನು ನೋಡುತ್ತ ನಿಂತುಬಿಟ್ಟಿದ್ದಳು.

“ಹೋಗಿ ಬನ್ನಿ,” ಎಂದಳು. ಅಂಗಡಿಯಿಂದ ಒಂದು ಬೈನಾಕ್ಯುಲರ್ ತಂದುಕೊಟ್ಟಳು. ಗೀರು ಬಿದ್ದರೆ ನನ್ನ ಚರ್ಮ ಸುಲಿಯುತ್ತಾಳಂತೆ.

ಫೆಬ್ರವರಿ 9

ಬಂದು ಇಳಿದೆ. ಊರಿನಲ್ಲಿ ಬಾಡಿಗೆಗೆ ಸಿಗುವ ಕೋಣೆ ಒಂದೇ, ಅದು ದರ್ಜಿಯ ಅಂಗಡಿಯ ಹಿಂದೆ. ಎಲ್ಲಿ ಹೋದರೂ ಶನಿ ಹೆಗಲ ಮೇಲೇ ಎನ್ನುವುದು ಇದಕ್ಕೇ.

ದರ್ಜಿ ನನ್ನನ್ನು ನೋಡಿ ಹಳೆಯ ಸ್ನೇಹಿತ ಸಿಕ್ಕ ಹಾಗೆ ಹಲ್ಲು ಕಿರಿದ. “ಬನ್ನಿ ಸಾರ್, ಬನ್ನಿ! ಆಫೀಸಲ್ಲಿ ನಿಮ್ಮನ್ನ ಕತ್ತರಿ ಅಂತಾರಂತೆ? ನಿಮ್ಮ ಡ್ರೈವರ್ ಹೇಳ್ದ. ನಾವಿಬ್ರೂ ಒಂದೇ ಕಸುಬಿನೋರು ಹಾಗಾದ್ರೆ.”

ಅವನ ಅಕ್ಕ ಒಬ್ಬಳಿದ್ದಾಳೆ. ಊರಿಗೆಲ್ಲ ಅಕ್ಕ. ಹಾಗಾಗಿ ನನಗೂ ಅಕ್ಕ. ಊರಿನ ನೀರಿನ ಸಮಿತಿಗೆ ಅವಳೇ ಮುಖ್ಯಸ್ಥೆ. ಊಟ ಹಾಕುವವಳೂ ಅವಳೇ, ಬೈಯುವವಳೂ ಅವಳೇ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಓ, ನೀರುನಾಯಿ ಸಾಕಿದೋರು ನೀವೇನಾ?” ಎಂದಳು.

ಸಂಜೆ ಹಳ್ಳ ನೋಡಿದೆ. ಇದಕ್ಕಾಗಿ ಇಷ್ಟೆಲ್ಲ ರಾದ್ಧಾಂತ! ನೆಗಡಿಯಾದ ಮೂಗಿನ ಹಾಗೆ ಸೋರುತ್ತಿದೆ. ನಮ್ಮ ಬೀದಿಯ ಚರಂಡಿ ಇದಕ್ಕಿಂತ ಅಗಲವಾಗಿದೆ. ಇದರಲ್ಲಿ ನೀರುನಾಯಿ ಇರಬೇಕಾದರೆ ನಿಂತುಕೊಂಡೇ ಇರಬೇಕು.

ಫೆಬ್ರವರಿ 10

ಊರಿನವರೆಲ್ಲ ನೀರುನಾಯಿ ನೋಡಿದ್ದಾರೆ.

ಬೆಳಿಗ್ಗೆ ಬೈನಾಕ್ಯುಲರ್ ಹಿಡಿದು ಕೂತದ್ದೇ ತಡ, ಸಾಕ್ಷಿಗಳು ಸಾಲುಗಟ್ಟಿದರು. ಸೈಕಲ್ ರಿಪೇರಿಯವನ ಪ್ರಕಾರ ಅದು ಕಪ್ಪು. ಹಾಲಿನವಳ ಪ್ರಕಾರ ಬಿಳಿ, ಮೈಮೇಲೆ ಚುಕ್ಕೆ. ಒಬ್ಬ ತಾತ ಅದಕ್ಕೆ ಕೊಂಬು ಇದೆ ಎಂದ. ಇನ್ನೊಬ್ಬ ಅದು ಸಂಜೆ ಹೊತ್ತು ಬೊಗಳುತ್ತದೆ, ಆದರೆ ಮರ್ಯಾದೆಯಿಂದ ಬೊಗಳುತ್ತದೆ ಎಂದ. ದರ್ಜಿಯಂತೂ ಅಳತೆಯನ್ನೇ ಕೊಟ್ಟ: ಎದೆ ಇಪ್ಪತ್ತು, ಸೊಂಟ ಹದಿನೆಂಟು, ಬಾಲ ಸೇರಿ ಉದ್ದ ನಲವತ್ತು.

“ಅಳತೆ ತಗೊಳ್ಳೋವಾಗ ಸುಮ್ನೆ ನಿಂತಿತ್ತಾ?” ಎಂದು ಕೇಳಿದೆ.

“ಹೆಣ್ಣು ನಾಯಿ ಸಾರ್. ಸ್ವಲ್ಪ ನಾಚ್ಕೊಂಡ್ತು.”

ಆಮೇಲೆ ಅವನು ಉಳಿದವರನ್ನು ಪಕ್ಕಕ್ಕೆ ಕರೆದು ಗದರಿಸುವುದು ಕೇಳಿಸಿತು: “ಎಲ್ರೂ ಒಂದೇ ಅಳತೆ ಹೇಳ್ರಪ್ಪಾ! ಒಬ್ಬೊಬ್ರು ಒಂದೊಂದು ಹೇಳಿದ್ರೆ ನಾನು ಹೇಗೆ ಹೊಲೀಲಿ?”

ಎಂಥ ಸುಳ್ಳುಬುರುಕರ ಊರಪ್ಪಾ ಇದು! ನಾನು ಸುಳ್ಳು ಬರೆದೆ ನಿಜ. ಆದರೆ ಹೊಟ್ಟೆಪಾಡಿಗೆ ಬರೆದೆ. ಇವರು ಖುಷಿಗೆ ಹೇಳುತ್ತಾರೆ.

ಫೆಬ್ರವರಿ 13

ನೀರುನಾಯಿ ಇಲ್ಲ. ಸೊಳ್ಳೆ ಇದೆ. ಎರಡು ಕುಟುಂಬಕ್ಕಿಂತ ಜಾಸ್ತಿ ಇದೆ.

ಫೆಬ್ರವರಿ 14

ಬೆಳಿಗ್ಗೆ ಹಳ್ಳದಲ್ಲಿ ಮುಖ ತೊಳೆಯಲು ಹೋಗಿ ಅಕ್ಕನ ಕೈಗೆ ಸಿಕ್ಕಿಬಿದ್ದೆ. ಇಲ್ಲಿ ಮುಖ ತೊಳೆಯುವುದಕ್ಕೂ ಕಾನೂನು ಇದೆ. ಮೇಲಿನ ಗುಂಡಿ ಕುಡಿಯುವುದಕ್ಕೆ, ಅದರ ಕೆಳಗಿನದು ಸ್ನಾನಕ್ಕೆ, ಆಮೇಲಿನದು ಬಟ್ಟೆಗೆ, ಕೊನೆಯದು ದನಕ್ಕೆ. ಮಳೆಯಿಲ್ಲದ ತಿಂಗಳಲ್ಲಿ ಯಾವ ಊರಿನವರು ಯಾವ ಹೊತ್ತಿಗೆ ಬರಬೇಕು ಎನ್ನುವುದಕ್ಕೂ ಸರದಿ ಇದೆ. ಪೊಲೀಸು ಇಲ್ಲ, ಕೋರ್ಟು ಇಲ್ಲ, ದಂಡ ಇಲ್ಲ. ಅಕ್ಕನ ಬಾಯಿ ಇದೆ.

“ಓದಿದೋರು, ಬರೆದೋರು. ಕುಡಿಯೋ ನೀರಲ್ಲಿ ಮೂತಿ ಅದ್ದಬಾರದು ಅಂತ ಯಾವ ಪುಟದಲ್ಲೂ ಬರೆದಿಲ್ವಾ?”

ತೆಪ್ಪಗೆ ಕೆಳಗೆ ಹೋದೆ. ನಿದ್ದೆಗಣ್ಣಿನಲ್ಲಿ ಲೆಕ್ಕ ತಪ್ಪಿ ಎಮ್ಮೆಯ ಗುಂಡಿಗೇ ಇಳಿದೆ. ಎಮ್ಮೆ ಏನೂ ಅನ್ನಲಿಲ್ಲ.

ಫೆಬ್ರವರಿ 18

ಒಂದು ವಿಷಯ ಗೊತ್ತಾಯಿತು. ಏನೂ ಇಲ್ಲ ಎಂದು ಹೇಳಬೇಕಾದರೆ ಎಲ್ಲವನ್ನೂ ನೋಡಬೇಕು. ಇದು ಅನ್ಯಾಯ.

ಇಲ್ಲಿ ಒಂದು ಮಿಂಚುಳ್ಳಿ ಇದೆ. ಬೆಳಿಗ್ಗೆ ಬಂದು ಅದೇ ಕೊಂಬೆಯ ಮೇಲೆ ಕೂತು, ಸುತ್ತ ನೋಡಿ, ಒಂದು ಮೀನು ಎತ್ತಿಕೊಂಡು, ಸಹಿಯನ್ನೂ ಹಾಕದೆ ಹೊರಟುಹೋಗುತ್ತದೆ. ಅದಕ್ಕೆ ಇನ್‌ಸ್ಪೆಕ್ಟರ್ ಎಂದು ಹೆಸರಿಟ್ಟಿದ್ದೇನೆ. ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಒಂದು ಏಡಿ ಇದೆ, ಎಡಗೈ ದೊಡ್ಡದು, ಬಲಗೈ ಚಿಕ್ಕದು, ಯಾವಾಗಲೂ ಜಗಳಕ್ಕೆ ಸಿದ್ಧ. ನಮ್ಮ ಕೆಳಗಿನ ಮನೆಯಾಕೆಯನ್ನು ಇಲ್ಲಿ ತಂದು ಬಿಟ್ಟ ಹಾಗಿದೆ.

ಮಧ್ಯಾಹ್ನ ಕೆಲಸವಿಲ್ಲದೆ ನಮ್ಮ ವರದಿಯನ್ನೇ ತೆಗೆದು ಓದಿದೆ. ಮೊಟ್ಟಮೊದಲ ಸಲ. ಎಂಥೆಂಥವರಿಗೋ ಓದಿ ಎಂದು ಕೊಟ್ಟಿದ್ದೇನೆ, ನಾನೇ ಓದಿರಲಿಲ್ಲ. ಅರವತ್ತೊಂದನೇ ಪುಟಕ್ಕೆ ಬಂದಾಗ ಮೈ ಬೆವರಿತು. ‘ಪ್ರಯಾಣಿಕ ದೋಣಿಗಳ ಸಂಚಾರಕ್ಕೆ ಅಡಚಣೆಯಾಗದಂತೆ ಕಾಮಗಾರಿ ಕೈಗೊಳ್ಳಲಾಗುವುದು.’ ದೋಣಿ! ಈ ಹಳ್ಳದಲ್ಲಿ ಚಪ್ಪಲಿ ಬಿಟ್ಟರೂ ನೆಲ ಕಚ್ಚುತ್ತದೆ. ಸದ್ಯ, ಇನ್ನೂ ಯಾರೂ ನೋಡಿಲ್ಲ. ದೇಶದಲ್ಲಿ ಯಾರೂ ಏನೂ ಓದುವುದಿಲ್ಲ ಎನ್ನುವುದೇ ನಮ್ಮ ಕಸುಬಿನ ಬಂಡವಾಳ.

ಫೆಬ್ರವರಿ 20

ಇವತ್ತು ಈ ನೀರು ಎಲ್ಲಿಂದ ಬರುತ್ತದೆ ಎಂದು ನೋಡಲು ಹಳ್ಳದ ಜಾಡು ಹಿಡಿದು ಮೇಲೆ ಹತ್ತಿದೆ. ಸಮೀಕ್ಷೆಗೆ ಬೇಕಾಗಿಲ್ಲ, ಸುಮ್ಮನೆ ಕಾಲಾಡಿಸಲು. ಗುಡ್ಡದ ಬುಡದಲ್ಲಿ ಒಂದು ದೊಡ್ಡ ಬಂಡೆ ಇದೆ. ಅದರಲ್ಲಿ ಅಂಗೈ ತೂರುವಷ್ಟು ಬಿರುಕು. ಅಲ್ಲಿಂದ ಬರುತ್ತದೆ, ಅಷ್ಟೇ. ಕೈ ಒಳಗೆ ಇಟ್ಟೆ. ನೀರು ತಣ್ಣಗೆ, ಒಳಗಿನಿಂದ ಯಾರೋ ನೂಕಿದ ಹಾಗೆ ಕೈಯನ್ನು ಹೊರಗೆ ನೂಕುತ್ತಿತ್ತು. ಮೂರು ಊರು ಕುಡಿಯುವುದು ಆ ಬಿರುಕಿನಿಂದ.

ಬಂಡೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಬಾಣದ ಗುರುತಿದೆ. ಸಾಹುಕಾರನ ಕಡೆಯವರು ಹಾಕಿದ್ದು. ಮೊದಲ ಸಿಡಿಮದ್ದು ಇಡುವ ಜಾಗ.

ಕೈ ಬಹಳ ಹೊತ್ತು ತಣ್ಣಗಿತ್ತು.

ಫೆಬ್ರವರಿ 23

ಸಾಹುಕಾರ ಬಂದಿದ್ದ! ದೊಡ್ಡ ಜೀಪು, ಬಿಳಿ ಬಟ್ಟೆ, ಬಿಳಿ ಚಪ್ಪಲಿ. “ಏನ್ರೀ, ಸಿಕ್ತಾ ನಿಮ್ಮ ನಾಯಿ?” ಎಂದು ಕಲ್ಲಿನಿಂದ ಕಲ್ಲಿಗೆ ಹಾರುತ್ತ ಬಂದವನು, ಪಾಚಿಯ ಮೇಲೆ ಕಾಲಿಟ್ಟು ದಬಕ್ಕನೆ ಕೂತುಬಿಟ್ಟ. ಎಬ್ಬಿಸಲು ಇಬ್ಬರು ಬೇಕಾಯಿತು. ಬಿದ್ದ ರಭಸಕ್ಕೆ ನೀರು ಬಾಯಿಗೂ ಹೋಗಿತ್ತು. ಚಪ್ಪರಿಸಿದ. ಇನ್ನೊಂದು ಬೊಗಸೆ ಕುಡಿದ.

“ಅರೆ, ನೀರು ಅಂದ್ರೆ ಇದು ಕಣ್ರೀ! ನಮ್ಮ ಮನೆ ಬೋರ್‌ವೆಲ್ ನೀರು ಕುಡಿದೂ ಕುಡಿದೂ ನಾಲಿಗೆ ಕೆಟ್ಟುಹೋಗಿದೆ. ಲೇ, ಜೀಪಲ್ಲಿ ಎರಡು ಕ್ಯಾನ್ ಇತ್ತಲ್ಲ, ತಗೊಂಬಾ!”

ಡ್ರೈವರ್ ಕ್ಯಾನ್ ಅದ್ದುವ ಹೊತ್ತಿಗೆ ಮೇಲಿನಿಂದ ಅಕ್ಕನ ದನಿ ಬಂತು: “ಅದು ಎಮ್ಮೇದು ಸಾಹುಕಾರ್ರೇ. ಕುಡಿಯೋದಾದ್ರೆ ಮೇಲೆ ಬನ್ನಿ. ಸರದಿ ಇದೆ, ಹಿಂದೆ ನಿಂತ್ಕೋಬೇಕು.”

ನಿಂತುಕೊಂಡ. ದೇವರಾಣೆಗೂ ನಿಂತುಕೊಂಡ. ಒದ್ದೆ ಬಟ್ಟೆಯಲ್ಲಿ, ಹಾಲಿನವಳ ಹಿಂದೆ, ಎರಡು ಕ್ಯಾನ್ ಇಟ್ಟುಕೊಂಡು. ತುಂಬಿಸಿಕೊಂಡು ಹೋಗುವಾಗ ನನ್ನ ಬೆನ್ನು ತಟ್ಟಿ, “ಬೇಗ ಮುಗಿಸಿ, ಮೆಷಿನ್ ಬಂದು ಕೂತಿದೆ,” ಎಂದ. ಈ ನೀರು ಬರುವುದು ತಾನು ಒಡೆಯಹೊರಟ ಬಂಡೆಯಿಂದಲೇ ಎಂದು ಅವನಿಗೆ ಹೊಳೆದೇ ಇಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಬಿಟ್ಟು ಬೈನಾಕ್ಯುಲರ್ ಒರೆಸುತ್ತ ಕೂತೆ.

ಫೆಬ್ರವರಿ 27

ಹೆಂಡತಿಯ ಫೋನ್ ಬಂದಿತ್ತು. ಟ್ಯಾಂಕರ್ ಈ ವಾರ ಬರಲೇ ಇಲ್ಲವಂತೆ. ಆಚೆ ಬೀದಿಯಿಂದ ಕೊಡದಲ್ಲಿ ಹೊತ್ತು ತಂದು, ಮೆಟ್ಟಿಲ ಮೇಲೆ ಜಾರಿ ಸೊಂಟ ಹಿಡಿದುಕೊಂಡಿದೆ. ಅಂಗಡಿಗೆ ರಜೆ ಹಾಕಿದ್ದಾಳೆ.

“ಕೊಡ ಉಳೀತು ಬಿಡಿ,” ಎಂದು ನಕ್ಕಳು.

ನನಗೆ ಅಳು ಬಂತು. ಅವಳು ಕೊಡ ಹೊರುತ್ತಿದ್ದಾಗ ನಾನಿಲ್ಲಿ ಎರಡನೇ ಗುಂಡಿಯಲ್ಲಿ ಕಾಲು ಚಾಚಿ ಕೂತು ಹಾಡುತ್ತಿದ್ದೆ. ಆ ಫ್ಲಾಟ್ ಬೇಕೇ ಬೇಕು. ಮಾರ್ಚ್ ಹತ್ತಕ್ಕೆ ಸಭೆ. ಎದ್ದು ನಿಲ್ಲುವುದು, ‘ಇಲ್ಲ’ ಎನ್ನುವುದು, ಮನೆಗೆ ಹೋಗುವುದು. ಇಲ್ಲದ್ದನ್ನು ಇಲ್ಲ ಎನ್ನಲು ನನಗೇನು ಧಾಡಿ?

ಮಾರ್ಚ್ 3

ಇವತ್ತು ಜಗಳವಾಡಿದೆ. ನಾನು! ಬೀದಿಯಲ್ಲಿ ಡ್ರಮ್ ಒದ್ದರೂ ಬಾಯಿ ತೆರೆಯದವನು.

ಕ್ವಾರಿಯ ಅಳತೆಗೆ ಬಂದಿದ್ದ ಇಬ್ಬರು ಮೇಲಿನ ಗುಂಡಿಗೇ ಜೀಪು ಇಳಿಸಿ ಟೈರು ತೊಳೆಯುತ್ತಿದ್ದರು. ನನಗೆ ಏನಾಯಿತೋ, ಬೈನಾಕ್ಯುಲರ್ ಬಿಸಾಡಿ ಓಡಿದೆ. “ಏನ್ರೋ, ಕಣ್ಣಿಲ್ವೇನ್ರೋ ನಿಮಗೆ? ಅದು ನಾವು ಕುಡಿಯೋ ಗುಂಡಿ! ಕೆಳಗೆ ಎಮ್ಮೇದಿದೆ, ಅಲ್ಲಿ ಹೋಗಿ!” ಎಂದು ಕಿರುಚಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅಕ್ಕ ಕೊಡ ಹಿಡಿದುಕೊಂಡು ನೋಡುತ್ತಿದ್ದಳು. ರಾತ್ರಿ ಊಟಕ್ಕೆ ತುಪ್ಪ ಜಾಸ್ತಿ ಇತ್ತು.

ಕೂಗಿದ್ದಕ್ಕೆ ಬೇರೆ ಕಾರಣವೇನಿಲ್ಲ. ಹಾಗೆಲ್ಲ ನೀರು ಕಲಕಿದರೆ ಸಮೀಕ್ಷೆಗೆ ತೊಂದರೆ.

ಬೈನಾಕ್ಯುಲರಿಗೆ ಗೀರು ಬಿದ್ದಿದೆ. ಹೆಂಡತಿಗೆ ಏನು ಹೇಳಲಿ?

ಮಾರ್ಚ್ 9

ನಾಳೆ ಸಭೆ. ಮಧ್ಯಾಹ್ನ ದರ್ಜಿ ನನಗೊಂದು ಅಂಗಿ ಹೊಲಿದು ತಂದ. ಅಳತೆ ಕೊಟ್ಟೇ ಇರಲಿಲ್ಲ. ಕಣ್ಣಳತೆಯಲ್ಲಿ ಹೊಲಿದನಂತೆ.

“ಸಭೆಗೆ ಹಾಕ್ಕೊಳ್ಳಿ ಸಾರ್. ಏನು ಹೇಳ್ತೀರಿ ನಾಳೆ?”

“ಇಲ್ಲ ಅಂತ.”

ಅವನು ಅಂಗಿಯ ಕೊನೆಯ ಗುಂಡಿಯ ದಾರ ಹಲ್ಲಿನಲ್ಲಿ ಕಡಿಯುತ್ತಿದ್ದ. ಹಾಗೇ ನಿಂತ. ಬಾಗಿಲಲ್ಲಿದ್ದ ಅಕ್ಕ ಒಳಗೆ ಬಂದಳು.

“ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಒಂದು ಸುಳ್ಳು ಹೇಳಿ ಒಂದು ಹಳ್ಳ ಉಳಿಸೋಕಾಗಲ್ವಾ ನಿಮ್ಗೆ?”

“ಅಕ್ಕಾ, ಇದೆ ಅಂದ್ರೆ ಮಾರನೇ ದಿನಾನೇ ಇನ್ನೊಬ್ರನ್ನ ಕಳಿಸಿ ಪರೀಕ್ಷೆ ಮಾಡಿಸ್ತಾರೆ. ಸುಳ್ಳು ಅಂತ ಗೊತ್ತಾದ್ರೆ ಕ್ವಾರಿನೂ ಬರುತ್ತೆ, ನನಗೆ ಜೈಲೂ ಆಗುತ್ತೆ.”

“ಬರೆಯೋವಾಗ ಜೈಲು ನೆನಪಾಗ್ಲಿಲ್ಲ. ಆವಾಗ ಕೈಗೆ ಬಂದಂಗೆ ಸುಳ್ಳು. ಈಗ ನಮ್ಮ ಪಾಲಿಗೆ ಮಾತ್ರ ಸತ್ಯವಂತರಾಗಿಬಿಟ್ರಿ, ಅಲ್ವಾ?”

ಮೈಯೆಲ್ಲ ಉರಿಯಿತು. ಅವಳು ಕೊಡ ಎತ್ತಿಕೊಂಡು ಸರದಿಗೆ ಹೋದಳು. ದರ್ಜಿ ಅಂಗಿ ಮಡಿಸಿ ನನ್ನ ಹಾಸಿಗೆಯ ಮೇಲಿಟ್ಟ.

“ಹೊಲಿದಿದ್ದು ಹೊಲಿದಾಯ್ತು ಸಾರ್. ಹಾಕ್ಕೊಳ್ಳಿ,” ಎಂದ.

ಹಾಕಿ ನೋಡಿದೆ. ಎಲ್ಲೂ ಒಂದು ಎಳೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಹಾಳಾದವನು.

ಮಾರ್ಚ್ 10

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಹಳ್ಳದ ದಡದಲ್ಲೇ ಶಾಮಿಯಾನ ಹಾಕಿದ್ದರು. ಮುಂದೆ ಮೇಡಂ, ಪಕ್ಕದಲ್ಲಿ ಬಾಸು, ಅವರ ಪಕ್ಕ ಸಾಹುಕಾರ. ಮೂರು ಊರಿನವರು ನೆಲದ ಮೇಲೆ. ನನ್ನ ಸರದಿ ಬಂದಾಗ ಮೇಡಂ, “ಒಂದೇ ಮಾತಲ್ಲಿ ಹೇಳಿ. ನೀರುನಾಯಿ ಇದೆಯೋ, ಇಲ್ವೋ?” ಎಂದು ಕೇಳಿದರು.

“ಇಲ್ಲ ಮೇಡಂ.”

ಸಾಹುಕಾರ ಚಪ್ಪಾಳೆ ತಟ್ಟಿದ. ಬಾಸು ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು. ದರ್ಜಿ ಬೆರಳಿಗೆ ಟೇಪು ಸುತ್ತುತ್ತಿದ್ದವನು ನಿಲ್ಲಿಸಿದ. ಅಕ್ಕ ನನ್ನ ಕಡೆ ನೋಡಲೇ ಇಲ್ಲ, ಗುಡ್ಡದ ಕಡೆ ನೋಡುತ್ತಿದ್ದಳು. ಅವಳು ಒಂದು ಮಾತು ಬೈದಿದ್ದರೂ ನಾನು ಬಚಾವಾಗುತ್ತಿದ್ದೆ.

“ಸರಿ,” ಎಂದು ಮೇಡಂ ಪೆನ್ನು ಎತ್ತಿದರು. “ಆ ಒಂದು ಸಾಲು ತೆಗೆದು, ಉಳಿದ ವರದಿ ಸರಿ ಇದೆ ಅಂತ ಬರ್ಕೋತೀನಿ. ಸರಿ ಇದೆ ತಾನೆ?”

ಮಾಮೂಲಿ ಪ್ರಶ್ನೆ. ಅವರು ತಲೆ ಕೂಡ ಎತ್ತಿರಲಿಲ್ಲ. ‘ಇದೆ’ ಎಂದರೆ ಮುಗಿಯಿತು. ನಾನು ಆಗಲೇ ಅರ್ಧ ಕೂತಾಗಿತ್ತು. ನಲ್ಲಿಯಲ್ಲಿ ನೀರು ಹರಿಯುವುದು ಕಣ್ಣ ಮುಂದೆ ಬಂತು. ಅದರ ಮುಂದೆ ನಿಂತ ಹೆಂಡತಿ ಬಂದಳು. ಅಷ್ಟರಲ್ಲಿ ನನ್ನ ಬಾಯಿ, “ಇಲ್ಲ ಮೇಡಂ,” ಎಂದುಬಿಟ್ಟಿತು.

ಪೆನ್ನು ನಿಂತಿತು. “ಏನು ಇಲ್ಲ?”

“ಯಾವುದೂ ಸರಿ ಇಲ್ಲ. ನೀರುನಾಯಿ ಎಲ್ಲಿಂದ ಬಂತೋ, ಇಡೀ ವರದಿ ಅಲ್ಲಿಂದಾನೇ ಬಂದಿದ್ದು. ಅದು ಬೇರೆ ನದೀದು. ನಾನು ಹೆಸರು ಮಾತ್ರ ಬದಲಿಸಿದ್ದು.”

“ಇವರಿಗೆ ಹುಷಾರಿಲ್ಲ ಮೇಡಂ!” ಬಾಸು ಎದ್ದೇಬಿಟ್ಟರು. “ತಿಂಗಳಿಂದ ಬಿಸಿಲಲ್ಲಿ ಕೂತು ತಲೆ...”

“ಅರವತ್ತೊಂದನೇ ಪುಟ ನೋಡಿ ಮೇಡಂ,” ಎಂದೆ.

ಮೇಡಂ ಪುಟ ತಿರುವಿದರು. ಜೋರಾಗಿ ಓದಿದರು: “ಪ್ರಯಾಣಿಕ ದೋಣಿಗಳ ಸಂಚಾರಕ್ಕೆ...” ಓದುತ್ತ ತಲೆಯೆತ್ತಿ ಹಳ್ಳದ ಕಡೆ ನೋಡಿದರು. ಒಂದು ಕೋಳಿ, ಹೊಟ್ಟೆಯ ಪುಕ್ಕವನ್ನೂ ನೆನೆಸಿಕೊಳ್ಳದೆ ಆ ಕಡೆಯಿಂದ ಈ ಕಡೆಗೆ ದಾಟುತ್ತಿತ್ತು.

ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ. ಆಮೇಲೆ ಇಡೀ ಶಾಮಿಯಾನವೇ ಅಲುಗಾಡಿತು. ಸಾಹುಕಾರ ಬಾಸುವಿನ ಕಡೆ ತಿರುಗಿ, “ದೋಣೀಗೂ ನನ್ನ ಹತ್ರ ದುಡ್ಡು ತಗೊಂಡ್ಯಾ?” ಎಂದು ಕೇಳುತ್ತಿದ್ದ. ದರ್ಜಿ ಎದ್ದು ಕೈ ಎತ್ತಿದ:

“ಮೇಡಂ, ಆ ದೋಣಿ ಪುಟ ನನ್ನ ಹತ್ರಾನೂ ಇದೆ. ಕಾಲರ್ ಕಟಿಂಗ್ ಮಾಡಿದ್ದೆ. ಅರ್ಥ ಆಗ್ಲಿಲ್ಲ, ಬಿಟ್ಟಿದ್ದೆ!”

ನಗು ಇಳಿದ ಮೇಲೆ ಮೇಡಂ ನನ್ನನ್ನೇ ನೋಡಿದರು. “ಇಷ್ಟು ದಿನ ಇಲ್ಲೇ ಇದ್ರಲ್ಲ. ಹಾಗಾದ್ರೆ ಈ ಹಳ್ಳದಲ್ಲಿ ಇರೋದೇನು?”

ಹೇಳಿದೆ. ಇನ್‌ಸ್ಪೆಕ್ಟರ್ ಬಗ್ಗೆ ಹೇಳಿದೆ, ಏಡಿಯ ಬಗ್ಗೆ ಹೇಳಿದೆ. ನಾಲ್ಕು ಗುಂಡಿ, ಮೂರು ಊರು, ಯಾರ ಸರದಿ ಯಾವಾಗ, ಯಾವ ಗುಂಡಿಯಲ್ಲಿ ಮೂತಿ ಅದ್ದಬಾರದು ಎಲ್ಲವನ್ನೂ ಹೇಳಿದೆ. ಬಂಡೆಯ ಬಿರುಕಿನ ಬಗ್ಗೆ ಹೇಳಿದೆ. ಅದರ ಮೇಲಿರುವ ಕೆಂಪು ಗುರುತಿನ ಬಗ್ಗೆ ಹೇಳಿದೆ. ಅಲ್ಲಿ ಮದ್ದು ಸಿಡಿದರೆ ಒಳಗಿನ ದಾರಿ ಮುರಿದು ನೀರು ಎತ್ತ ಹೋಗುತ್ತದೋ ನನಗೂ ಗೊತ್ತಿಲ್ಲ, ಬಾಸುಗೂ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳದೆ ಸಹಿ ಹಾಕಬೇಡಿ ಎಂದೆ. ಸಾಹುಕಾರನ ಕ್ಯಾನ್ ವಿಷಯವನ್ನೂ ಹೇಳಿದೆ. ಅವನು ಬಂಡೆಯ ಕಡೆ ನೋಡಿ, ನೀರಿನ ಕಡೆ ನೋಡಿ, ತಲೆ ತುರಿಸಿಕೊಂಡ. ಎಷ್ಟು ಹೊತ್ತು ಮಾತಾಡಿದೆನೋ, ಕೊನೆಗೆ ಮೈಕು ಕೈಕೊಟ್ಟಿತು.

ವರದಿ ತಿರಸ್ಕಾರವಾಯಿತು. ಬೇರೆ ಕಂಪನಿಯಿಂದ ಒಂದು ಪೂರ್ತಿ ವರ್ಷದ, ಎಲ್ಲ ಕಾಲದ ಅಧ್ಯಯನ ಆಗಬೇಕು. ಅಲ್ಲಿಯವರೆಗೆ ಗುಡ್ಡದ ಒಂದು ಕಲ್ಲನ್ನೂ ಮುಟ್ಟುವಂತಿಲ್ಲ.

ಯಾಕೆ ಹಾಗೆ ಹೇಳಿದೆ ಎಂದು ಗೊತ್ತಿಲ್ಲ. ಬಿಸಿಲು ಬಹಳ ಇತ್ತು. ಬಾಸು ಹೇಳಿದ್ದೇ ನಿಜ ಇರಬೇಕು.

ಅಕ್ಕ ಹತ್ತಿರ ಬಂದು, “ಮೊದಲನೇ ‘ಇಲ್ಲ’ ಕೇಳಿ, ಇವತ್ತಿಂದ ಇವರಿಗೆ ಊಟ ಬಂದ್ ಅಂದ್ಕೊಂಡಿದ್ದೆ,” ಎಂದಳು.

“ಎರಡನೇದು ಕೇಳಿ?”

“ಬನ್ನಿ, ತಣ್ಣಗಾಗುತ್ತೆ.”

ಮಾರ್ಚ್ 12

ಕೆಲಸ ಹೋಯಿತು. ಬಾಸು ಬೈಯಲೂ ಇಲ್ಲ. ಬಾಗಿಲು ತೋರಿಸಿದರು, ಅಷ್ಟೇ.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಫ್ಲಾಟ್ ಕೈತಪ್ಪಿದ್ದನ್ನೂ ಹೇಳಿದೆ. ಅವಳು ಸೊಂಟಕ್ಕೆ ಕೈ ಕೊಟ್ಟುಕೊಂಡು ಎದ್ದಳು.

“ಇನ್ನು ಹಗಲು ಹೊತ್ತು ಮನೇಲೇ ಇರ್ತೀರಲ್ಲ. ಟ್ಯಾಂಕರ್ ಬಂದಾಗ ಕೊಡ ಹಿಡೀರಿ,” ಎಂದಳು. ಆಮೇಲೆ ಬೈನಾಕ್ಯುಲರ್ ನೋಡಿದಳು. ಅದರ ಬಗ್ಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಏಪ್ರಿಲ್ 2

ಕೆಲಸ ಹುಡುಕುತ್ತಿದ್ದೇನೆ. ಕೊಡ ಹೊರುತ್ತಿದ್ದೇನೆ. ಇವತ್ತು ಕೆಳಗಿನ ಮನೆಯಾಕೆಗೆ, “ಸರದಿ ಅಂತ ಒಂದು ಇದ್ರೆ ಎಲ್ರಿಗೂ ಸಿಗುತ್ತಮ್ಮಾ,” ಎಂದು ಹೇಳಲು ಹೋಗಿ, ಮೈಮೇಲೆ ನೀರು ಎರಚಿಸಿಕೊಂಡೆ. ಅಷ್ಟು ನೀರು ದಂಡ.

ಏಪ್ರಿಲ್ 19

ಹೊಸ ಕಂಪನಿಯಲ್ಲಿ ವರದಿ ಬರೆಯುವಾಕೆ ಫೋನ್ ಮಾಡಿದ್ದಳು. ದನಿ ಬಹಳ ಚುರುಕು.

“ಸಾರ್, ಆ ಹಳ್ಳದ ಕೆಲಸ ನಮಗೆ ಬಂದಿದೆ. ಸಭೇಲಿ ನೀವು ತುಂಬಾ ಹೇಳಿದ್ರಂತೆ, ಏನಾದ್ರೂ ಬರೆದಿಟ್ಟಿದ್ರೆ ಸ್ವಲ್ಪ ಕಳಿಸ್ತೀರಾ? ಸುಮ್ನೆ ಒಂದು ನೋಟಕ್ಕೆ.”

“ನೀವು ಅಲ್ಲಿಗೆ ಹೋಗಿದ್ರಾ?”

“ಹೋಗೋದು ಯಾಕೆ ಸಾರ್? ನಮ್ಮ ಹತ್ರ ಒಂದು ಹಳೇ ವರದಿ ಇದೆ. ದೊಡ್ಡ ನದೀದು, ಚೆನ್ನಾಗಿ ಬರೆದಿದ್ದಾರೆ. ನೀರುನಾಯಿ ಗೀರುನಾಯಿ ಎಲ್ಲಾ ಇದೆ. ಹೆಸರು ಬದಲಿಸಿದ್ರೆ...”

“ಬೇಡ!” ಎಂದು ಕಿರುಚಿದೆ. ಹೆಂಡತಿ ಅಡುಗೆಮನೆಯಿಂದ ಓಡಿಬಂದಳು.

ಉಸಿರು ಎಳೆದುಕೊಂಡು ಹೇಳಿದೆ: “ನೋಡಮ್ಮಾ, ನಾನು ಬರೆದಿದ್ದು ಒಂದು ಡೈರಿ. ಅರ್ಧಕ್ಕರ್ಧ ಬೈಗುಳ. ಆದ್ರೂ ಬೇಕಾದಷ್ಟು ನಕಲು ಮಾಡ್ಕೋ. ಏಡಿ ತಗೋ, ಬಂಡೆ ತಗೋ, ಸರದಿ ತಗೋ. ಹಳ್ಳದ ಹೆಸರು ಮಾತ್ರ ಬದಲಿಸ್ಬೇಡ. ಆದ್ರೆ ಅದು ಬರೀ ಒಂದು ತಿಂಗಳಿಂದು. ಮಳೆಗಾಲದಲ್ಲಿ ಆ ಬಿರುಕು ಏನು ಮಾಡುತ್ತೋ ನನಗೂ ಗೊತ್ತಿಲ್ಲ. ಶುಕ್ರವಾರದ ಬಸ್ಸಿಗೆ ಬಾ, ನಾನೂ ಬರ್ತೀನಿ. ದರ್ಜಿ ಅಂಗಡಿ ಹಿಂದೆ ಕೋಣೆ ಇದೆ, ಅದು ನಿನಗೆ. ನಾನು ಅಂಗಡೀಲೇ ಮಲಗ್ತೀನಿ. ಮೇಲಿನ ಗುಂಡೀಲಿ ಮಾತ್ರ ಮುಖ ತೊಳೀಬೇಡ.”

ಫೋನ್ ಇಟ್ಟಾಗ ಹೆಂಡತಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

“ಸಂಬಳ ಯಾರು ಕೊಡ್ತಾರೆ?”

“ಯಾರೂ ಇಲ್ಲ.”

“ಮತ್ತೆ ಯಾಕೆ ಹೋಗ್ತೀರಿ?”

“ಆ ಹುಡುಗಿಗೆ ದಾರಿ ಗೊತ್ತಿಲ್ಲ ಕಣೇ. ಒಂದೆರಡು ದಿನ ತೋರಿಸಿ ಬಂದುಬಿಡ್ತೀನಿ.”

ನನ್ನ ಮುಖವನ್ನೇ ನೋಡಿದಳು, ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಬಂದವರನ್ನು ನೋಡುವ ಹಾಗೆ. ಆಮೇಲೆ ಒಳಗೆ ಹೋಗಿ ಗೀರು ಬಿದ್ದ ಬೈನಾಕ್ಯುಲರ್ ತಂದು ನನ್ನ ಚೀಲಕ್ಕೆ ತುರುಕಿದಳು. ಇನ್ನೊಂದು ಕೈಯಲ್ಲಿ ಎರಡು ಖಾಲಿ ಕ್ಯಾನ್ ಇದ್ದವು.

“ಬರೋವಾಗ ತುಂಬಿಸ್ಕೊಂಡು ಬನ್ನಿ,” ಎಂದಳು. “ನಾನೂ ಒಂದು ಸಲ ಕುಡಿದು ನೋಡ್ತೀನಿ, ಫ್ಲಾಟ್ ಬಿಟ್ಟು ಬರುವಂಥದ್ದು ಅದರಲ್ಲಿ ಏನಿದೆ ಅಂತ.”

ಎರಡು ಕ್ಯಾನ್ ಕೊಡಲು ಅಕ್ಕ ಒಪ್ಪುತ್ತಾಳೋ ಇಲ್ಲವೋ. ಕೇಳಿ ನೋಡಬೇಕು. ಸರದಿಯಲ್ಲಂತೂ ನಿಲ್ಲಲೇಬೇಕು.